ಹಂಚು ನಗುವ ಹೊತ್ತು

ನಾರಾಯಣಪುರದ ಮನಿಯಿಂದ ಸಪ್ತಾಪುರದ ಹಾಸ್ಟೇಲಿಗೆ
ಒಂದೂಕಾಲು ಕಿಲೋಮೀಟರ. ನೂರಾ ಎಂಬತ್ತು ರೊಟ್ಟಿ. ಬಂದ್.
ಅಲ್ಲಿಂದ ಹುಡುಗ್ಯಾರ ಪೀಜಿಗೆ ಎರಡು ತಿರುವು,
ತೊಂಬತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಬಂದ್.
ಮಾಳಮಡ್ಡಿಯ ಮಾಸ್ತರರಿಗೆ ಎಂಟೇ ರೊಟ್ಟಿ,
ಆದರ ಗೇಟು ಮುಟ್ಟ ಹೋಗಬೇಕು.
ಬಂದ್.
ಇಂಜಿನ್ನು ಬೆಚ್ಚಗಾಗೂದ್ರಾಗ ಊರ ಮುಗದಿರತೈತಿ.

ಗಾಡಿ ಹಳೇದು, ಡೀಸೆಲ್ಲು.
ದಿನಾ ಬೆಳಗಾವಿಗೆ ಹೋಗಿ ಬರತಿದ್ದ ಸಾಹೇಬರದು.
ಉದ್ದ ದಾರಿ ಉಂಡು ಬೆಳದದ್ದಕ್ಕ
ನಾ ತುತ್ತು ತುತ್ತು ಓಣಿ ಉಣಸಾಕ ಹತ್ತಿದೆ.

ಮೂರನೇ ತಿಂಗಳಿಗೆ ಮೀಟರಿನ ಬಾಜೂಕ ಹಳದಿ ದೀಪ:
ಒಂದು ಪೆಟ್ಟಿಗಿ, ಒಳಗ ನಾಕೈದು ಚುಕ್ಕಿ.
ಯಾರೋ ರಂಗೋಲಿಗೆ ಚುಕ್ಕಿ ಇಟ್ಟು
ಗೆರಿ ಎಳೀದ ಎದ್ದು ಹೋದಂಗ.

ಲಕಮನಹಳ್ಳಿ ಗ್ಯಾರೇಜಿನ ಮುಕ್ತುಂಸಾಬ ಅಂದ:
'ಕೆಳಗ ಹೊಗಿ ಸೋಸೂ ಜಾಳಿಗಿ ಐತ್ರಿ, ಸಂಕವ್ವಾರ.
ಮಸಿ ಕುಂತೈತಿ. ಕಾದು ಕೆಂಪಾದರ ತಾನ ಸುಟ್ಟು ಹೊಕ್ಕೈತಿ.
ನಿಮ್ಮ ದಾರ್ಯಾಗ ಅದಕ್ಕ ಕಾಯಾಕ ಪುರಸೊತ್ತು ಎಲ್ಲೈತ್ರಿ?
ನಡುವ ಬಂದ್ ಮಾಡಿದ್ರ, ಸುಡಾಕಂತ ಬಿಟ್ಟ ಡೀಸೆಲ್ಲು
ಇಳದು ಆಯಿಲ್ಲಿಗೆ ಕೂಡತೈತಿ.'
ಅಳತೀ ಕಡ್ಡಿ ಎಳದು ತೋರಿಸಿದ. ಎಣ್ಣಿ ಏರಿತ್ತು.
ಡಬ್ಬ್ಯಾಗ ಎಣ್ಣಿ ತಳ ಕಂಡಾಗ ಅಂಜಿದಾಕಿ ನಾನು,
ಏರಿದ್ದಕ್ಕ ಅಂಜಿದ್ದು ಇದ ಮೊದಲು.

'ಕಿತ್ತ ಒಗದಬಿಡ್ಲೇನ್ರಿ?' ದನಿ ಇಳಿಸಿದ. 'ಭಾಳ ಮಂದಿ ಒಗಸ್ಯಾರ.'
ಬ್ಯಾಡ ಅಂದೆ. ದೊಡ್ಡ ವಿಚಾರ ಏನಲ್ಲ,
ಡಬ್ಬಿ ಇಳಿಸಿಕೊಳ್ಳೋ ಹುಡುಗ
ಗಾಡಿಯ ಹಿಂದ ನಿಂದ್ರತಾನ.

ಮಸಿ ನನಗ ಹೊಸದಲ್ಲ.
ಅಳಗವಾಡಿಯೊಳಗ ನಮ್ಮವ್ವ
ಹತ್ತಿಕಟ್ಟಿಗಿ ಉರಿ ಜೋರು ಮಾಡಿದಳಂದ್ರ
ಹಂಚಿನ ಬೆನ್ನಿಗೆ ಕಿಡಿ ಇರಿವ್ಯಾಗಿ ಹರೀತಿದ್ದವು.
'ಹಂಚು ನಗಾಕತ್ತೈತಿ, ಬೀಗರು ಬರತಾರ,'
ಅಂತ ಇನ್ನೊಂದು ಬೊಗಸಿ ಹಿಟ್ಟು ತಗೀತಿದ್ದಳು.
ಒಮ್ಮೊಮ್ಮಿ ಬರತಿದ್ದರು.
ಬರಲಿಲ್ಲಂದ್ರ ಮರುದಿನ ನಮಗ ಕಟಕರೊಟ್ಟಿ.

'ಹಂಗಾರ ವಾರಕ್ಕೊಮ್ಮಿ ಹೈವೇಕ ಬಿಡ್ರಿ.
ಅರವತ್ತು ಎಪ್ಪತ್ತರಾಗ, ಮುಳ್ಳು ಎರಡರ ಮ್ಯಾಲ,
ಇಪ್ಪತ್ತೈದು ಮಿನಿಟು. ನಿಂದ್ರಬ್ಯಾಡ್ರಿ.'
'ಎಲ್ಲಿಗೆ?'
'ಎಲ್ಲಿಗರ.'

ಎಲ್ಲಿಗರ ಹೋಗಿ ನನಗ ರೂಢಿ ಇಲ್ಲ.
ರವಿವಾರ ರಾತ್ರಿ ಹಿಂದಿನ ಸೀಟು ಎತ್ತಿ ನಿಲ್ಲಿಸಿದೆ,
ಮಡಚಿದಲ್ಲೇ ಜೋಳದ ಹಿಟ್ಟು ಗೆರಿಗೆರಿಯಾಗಿ ಕುಂತಿತ್ತು.
ಆರು ವರ್ಷ ನನ್ನ ಕೂಡ ರೊಟ್ಟಿ ಬಡದ ಮೂವರು,
ಕಾಶವ್ವ, ದ್ಯಾಮವ್ವ, ಹುಸೇನಬಿ,
ಒಮ್ಮೆನೂ ಈ ಗಾಡಿ ಹತ್ತಿದವರಲ್ಲ. ರೊಟ್ಟಿ ಹತ್ತಿದ್ದವು.
ಹುಸೇನಬಿ ಹೊಸಾ ಚಪ್ಪಲಿ ಕಳಚಿ
ಕೈಯಾಗ ಹಿಡಕೊಂಡು ಕುಂತಳು.

ನರೇಂದ್ರ, ಮಮ್ಮಿಗಟ್ಟಿ. ಕಾರಖಾನಿ ದೀಪ ಹಿಂದ ಬಿದ್ದವು.
ಕೋಟೂರ ಹಂತ್ಯಾಕ ದನಿ ಬದಲಾತು,
ಕೆಳಗಿಂದ ಒಂದು ಬಿಸಿ ವಾಸನಿ,
ಖಾಲಿ ಹಂಚು ಒಲಿ ಮ್ಯಾಲ ಮರತಂಗ.
'ಚಾದಂಗಡಿ!' ಅಂದಳು ಕಾಶವ್ವ. ನಿಲ್ಲಿಸಲಿಲ್ಲ.
'ತಂಗೀ, ನಾ ಇಳೀಬೇಕಾಗೇತಿ,' ಅಂದಳು ದ್ಯಾಮವ್ವ.
'ತಡಿ, ಸುಡಾಕತ್ತೈತಿ.'
'ಏನು ಸುಡಾಕತ್ತೈತ ಯವ್ವಾ!'
'ಹಂಚು ನಗಾಕತ್ತೈತಿ,' ಅಂದೆ.
ಹಿಂದ ಮೂರೂ ಮಂದಿ ಗಪ್ಪಾದರು.
ಆಮ್ಯಾಲ ಹುಸೇನಬಿ, ಸಣ್ಣ ದನೀಲೆ:
'ಹಂಗಾರ ಬೀಗರು ಯಾರು?'

ತೇಗೂರ ದಾಟಿ ದೀಪ ಆರಿತು. ಯಾವ ಸಪ್ಪಳಾನೂ ಇಲ್ಲ.
ದ್ಯಾಮವ್ವ ಜಾಲಿ ಕಂಟಿ ಹಿಂದ ಓಡಿದಳು.
ಚಾದಾಗ ಸಕ್ಕರಿ ಜಾಸ್ತಿ ಅಂತ ಮೂವರೂ ಅಂದರು,
ಮತ್ತೊಂದೊಂದು ಕಪ್ಪು ಹೇಳಿದರು.
'ಎಲ್ಲಿಗೆ ಹೊಂಟೀರಿ?' ಅಂಗಡಿಯವ ಕೇಳಿದ.
'ಎಲ್ಲಿಗೂ ಇಲ್ಲಪಾ,' ಅಂದಳು ಕಾಶವ್ವ
ಭಾಳ ದೊಡ್ಡಸ್ತಿಕಿಲೆ.

ಸೋಮವಾರ ಮತ್ತ ಒಂದೂಕಾಲು ಕಿಲೋಮೀಟರ. ಬಂದ್.
ಎರಡು ತಿರುವು. ಬಂದ್.
ತಿರುಗಿ ಬಂದರ, ಹಿಟ್ಟು ನಾದೂ ಕಾಶವ್ವ
ತಲಿ ಎತ್ತದ ಕೇಳಿದಳು: 'ದೀಪ ಬಂತೇನು?'
'ನಿನ್ನೀರ ಆರೇತಲ್ಲ!'
'ಬರತೈತಿ ಬಿಡು,' ಅಂದಳು,
ಬಡಿಯೂ ಸಪ್ಪಳ ಸ್ವಲ್ಪ ಜೋರು ಮಾಡಿ.