ಕೇಳದ್ದು

ಟೈ ಕಟ್ಟಿಕೊಂಡ ಹುಡುಗ ಬಂದ,
ಎರಡನೇ ಹಂಚು ಕಾಯೋದರಾಗ
ಡಬ್ಬಿ ಇಟ್ಟ, ನನ್ನ ಹೆಬ್ಬಟ್ಟು ಒತ್ತಿಸಿಕೊಂಡ,
ರೊಟ್ಟಿ ಒಂದು ತಿಂದ, ಹೋದ.
ಬೇಕೇನು ಅಂತ ಕೇಳಲಿಲ್ಲ.
ಬ್ಯಾಡ ಅಂದದ್ದೂ ಕೇಳಲಿಲ್ಲ.

ಅವತ್ತಿಂದ ನನ್ನ ಅಂಗಡ್ಯಾಗ ಒಬ್ಬಾಕಿ ಮಾತಾಡತಾಳ.
ಯಾವ ಊರಾಕಿ ಗೊತ್ತಿಲ್ಲ.
'ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ.'
ಪುಸ್ತಕದ ಕನ್ನಡ, ಇಸ್ತ್ರಿ ಹೊಡದದ್ದು,
ಒಂದು ಸುಕ್ಕಿಲ್ಲ, ಒಂದು ಕೆಮ್ಮಿಲ್ಲ.
ಯಾರು ಸ್ವೀಕರಿಸಿದರು? ಹೇಳೂದಿಲ್ಲ.
ನಾದಿದಾಕಿ ನಾನು, ಬಡದಾಕಿ ನಾನು,
ಹೊಗಿ ಕುಡದಾಕಿ ನಾನು;
ಸ್ವೀಕರಿಸೋದು ಮಾತ್ರ ತಾನ ಆಗತೈತಿ
ಮಳಿ ಆದಂಗ, ರಾತ್ರಿ ಆದಂಗ.

ಈಗ ಎಲ್ಲಾ ಹಂಗ ಬರತಾವ, ಕರೀದ ಬೀಗರು.
ಬಸ್‌ಸ್ಟ್ಯಾಂಡಿನ ಹೊಸಾ ನಳಕ್ಕ ಕಿವಿಯಿಲ್ಲ,
ಕೈ ಮುಗಿದು ನಿಂತರ ನೀರು.
ನಾದಿನಿ ಸುಗಂಧಾನ ಮನ್ಯಾಗ ವಾಷಿಂಗ್ ಮಷಿನ್ನು
ಅರಿಬಿ ಒಗದು ಹಾಡು ಹೇಳತೈತಿ.
ಐವತ್ತು ವರ್ಷ ಒಗದೇನಿ ನಾನು,
ಮುಗೀತಂತ ಒಮ್ಮೆಯೂ ಹಾಡಲಿಲ್ಲ.

ಕೇಳದ ಬಂದದ್ದರಾಗ ದೊಡ್ಡದು ನೀರು.
ಹಿನ್ನೀರು ಹಳೇ ಬಾಗಲಕೋಟಿಗೆ ಬಂದಾಗ
ನಮ್ಮತ್ತಿ ಅಂಗಡಿ ಬಾಗಲಾ ಕಿತ್ತು ಟ್ರ್ಯಾಕ್ಟರಿಗೆ ಹೇರಿದಳು,
ಗ್ವಾಡಿ ಬಿಟ್ಟಳು, ಬಾಗಲಾ ಬಿಡಲಿಲ್ಲ.
ಅದರ ಹಿಂದ ಇದ್ದಲಿ ಗೀಟು, ಉದ್ರಿ ಲೆಕ್ಕ:
ಹೂಗಾರ ನೀಲಪ್ಪಂದು ಒಂಬತ್ತು,
ಟಾಂಗಾದ ಲಾಲಸಾಬಂದು ನಾಕು.
ಅವರು ಯಾವ ಸೆಕ್ಟರಿಗೆ ಹೋದರೋ, ಅದಾರೋ ಇಲ್ಲೋ.
ಗೀಟು ಅದಾವ. ಒಂದೂ ಬಾಯಿ ಬಿಟ್ಟಿಲ್ಲ.

ಆ ಬಾಗಲದ ಮೊಳಿಗೇ ಹುಡುಗ ಡಬ್ಬಿ ತೂಗಹಾಕಿದ್ದ.

ಶ್ರಾವಣದಾಗ ಯಂಕಣ್ಣ ಅಂತ ಒಬ್ಬಾಂವ ಬರತಿದ್ದ,
ಕಿಸೆದಾಗ ದವಾಖಾನಿ ಚೀಟಿ,
ಹೇಣತಿ ಮೂರನೇ ಮಾಳಿಗಿ ವಾರ್ಡಿನಾಗ.
ಮೊದಲ ದಿನ ಡಬ್ಬಿ ಎಂಬತ್ತು ಅಂತು.
ಆಮ್ಯಾಲ ನಲವತ್ತು.
ಆಮ್ಯಾಲ ಇಪ್ಪತ್ತು.
ಅವನ ಕಿಸೆ ಬರಿದಾಗೋದನ್ನ
ಪಾಳಿ ಹಚ್ಚಿದ ಮಂದಿಗೆಲ್ಲಾ
ಆಕಿ ಒಂದಕ್ಷರ ತಪ್ಪದ ಓದಿ ಹೇಳಿದಳು.
'ಹತ್ತು ರೂಪಾಯಿ' ಅಂದ ದಿನ
ಅಂವ ನೆಲಾ ನೋಡಿದ, ನಾ ಹಂಚು ನೋಡಿದೆ.

ಡಬ್ಬಿ ಇಳಿಸಿ ಜ್ವಾಳದ ಹಿಟ್ಟಿನಾಗ ಹೂತೆ.
ಅಲ್ಲಿಂದಲೂ ಒದರಿತು, ನೆಗಡಿ ಆದವರಂಗ.
'ಫೋನು ಒಳಗಿಡೋ ತಮ್ಮಾ' ಅಂದು
ಬಾಗಲಾ ತಿರುವಿ ಒಂದು ಗೀಟು ಎಳದೆ.
ಇಪ್ಪತ್ತೈದು ವರ್ಷದ ಮ್ಯಾಲ ಹೊಸಾ ಗೀಟು.

ಇದನ್ನೂ ಹೇಳಿಬಿಡತೇನಿ, ಮುಚ್ಚಿಡೂದ್ಯಾಕ.
ಅದು ಒದರದ ಗಿರಾಕಿ ಕದಲಲಿಲ್ಲ,
ಡಬ್ಬಿ ಝಾಡಿಸಿ ಮತ್ತ ಮೊಳಿಗೇರಿಸಿದೆ.
ಒಂದಿನ ನೆಟ್‌ವರ್ಕ್ ಇರಲಿಲ್ಲ.
ಪೋಸ್ಟಿನ ದ್ಯಾಮಣ್ಣ, ಹಳೇ ಊರಿನ ಗಿರಾಕಿ,
'ಹಾಕೇನಿ ಸಾವಕ್ಕಾ' ಅಂದ, ಹಸಿರು ಗುರ್ತು ತೋರಿಸಿದ.
ನಾ ಅವನ ಮಾರಿ ನೋಡಲಿಲ್ಲ,
ಡಬ್ಬಿ ನೋಡಿದೆ.
ಅದು ಸುಮ್ಮನಿತ್ತು. ನಾನೂ ಸುಮ್ಮನಿದ್ದೆ.
ಅಂವ ಹಂಗ ನಿಂತ, ರೊಟ್ಟಿ ಗಂಟು ಕೈಯಾಗ ಹಿಡಕೊಂಡು.
ಆ ಉದ್ರಿ ಯಾವ ಬಾಗಲಿಗೆ ಬರೀಲಿ?

ತಿಂಗಳಿಗೊಮ್ಮೆ ಡಬ್ಬಿ ತನ್ನ ಬಾಡಿಗಿ ತಾನ ಕಡಕೋತೈತಿ,
ನೂರಾ ಇಪ್ಪತ್ತೈದು.
ಅದೊಂದನ್ನ ಒದರೂದಿಲ್ಲ.

ಗೀಟು ಇಪ್ಪತ್ತೊಂದಾದ ಮ್ಯಾಲ ಯಂಕಣ್ಣ ಬರಲಿಲ್ಲ.
ಮಾಳಿಗಿ ಹತ್ತಿ ಹೋಗಿ ನೋಡಿದೆ,
ಆ ಕಾಟಿನ ಮ್ಯಾಲ ಬ್ಯಾರೆ ಯಾರೋ ಮಲಗಿದ್ದರು.

ನಿನ್ನಿ ಸರುವತ್ತಿನ್ಯಾಗ
ಓಣಿ ನಾಯಿ ಸೈತ ಮಲಗಿದ ಮ್ಯಾಲ
ಕತ್ತಲದಾಗ ಆಕಿ ದನಿ:
'ಎರಡು ನೂರಾ ಹತ್ತು ರೂಪಾಯಿ ಸ್ವೀಕರಿಸಲಾಗಿದೆ.'

ಎದ್ದು ಕುಂತೆ. ಲೈಟು ಹಚ್ಚಲಿಲ್ಲ.
'ಅಕಿ ಹೆಂಗದಾಳವ್ವಾ?' ಅಂದೆ.
ಡಬ್ಬಿಗೆ ನಾನಾಗಿ ಏನಾರ ಕೇಳಿದ್ದು
ಅದ ಮೊದಲು.

ಹಸಿರು ಚುಕ್ಕಿ ಮಿಣುಕತಿತ್ತು.
ಗೀಟು ಅಳಸಾಕಂತ ಅರಿಬಿ ತೊಯಿಸಿಕೊಂಡು ಬಂದಾಕಿ
ಹಂಗ ಹಿಂಡಿ
ಹಗ್ಗದ ಮ್ಯಾಲ ಹಾಕಿದೆ.