ಸುಟ್ಟರೂ ಹೋಗದ್ದು

ಕೋನಾದ ಇಳಿಜಾರಿನ ನಮ್ಮ ತೋಟಕ್ಕೆ
ಪ್ರಯೋಗಾಲಯದ ಮೆಡೇರೋಸ್ ಬಂದದ್ದು ಒಂದು ಬುಧವಾರ,
ಕೈಯಲ್ಲಿ ಖಾಲಿ ಚೀಲ,
ಬೂಟಿಗೆಲ್ಲ ಕಪ್ಪು ಲಾವಾ ಧೂಳು.
"ಸುಳ್ಳನ್ನು ಹಿಡಿಯಬೇಕಾದರೆ
ಮೊದಲು ಒಂದು ಹಿಡಿ ನಿಜ ಬೇಕು" ಅಂದ.

ಪೇಟೆಯ ಅಂಗಡಿಗಳಲ್ಲಿ
ನಮ್ಮೂರ ಹೆಸರು ಹೊತ್ತ ಪೊಟ್ಟಣಗಳು
ನಾವು ಹತ್ತು ಜನ್ಮ ಬೆಳೆದರೂ ಮುಗಿಯದಷ್ಟು.
ಯಾವುದೋ ಬೆಟ್ಟದ ಬೀಜ
ನಮ್ಮ ಬೆಟ್ಟವನ್ನು ಹಚ್ಚೆ ಹಾಕಿಸಿಕೊಂಡು ಕೂತಿದೆ.

ಹುರಿದರೆ ಪರಿಮಳ ಬದಲಾಗುತ್ತದಂತೆ, ಸಕ್ಕರೆ ಕಪ್ಪಾಗುತ್ತದಂತೆ,
ಬೀಜ ತನ್ನ ಹಸಿರನ್ನೆಲ್ಲ ಮರೆಯುತ್ತದಂತೆ.
ಆದರೆ ಬೇರು ಕುಡಿದ ಸ್ಟ್ರಾನ್ಷಿಯಂ, ಬೇರಿಯಂ, ಸತು, ನಿಕ್ಕಲ್
ಒಂದಕ್ಕೊಂದು ಎಷ್ಟೆಷ್ಟು ಎಂಬ ಲೆಕ್ಕ
ಬೆಂಕಿಗೆ ಜಗ್ಗುವುದಿಲ್ಲ.
ಹುಟ್ಟುಗುಣ ಸುಟ್ಟರೂ ಹೋಗದು:
ಅದನ್ನೇ ಅವನ ಯಂತ್ರ
ದಶಮಾಂಶದಲ್ಲಿ ಹೇಳುತ್ತದೆ, ಅಷ್ಟೆ.

"ಮಿಸ್ ಇನಾಬಾ, ಇದು ಪೂರಾ ಈ ಮಣ್ಣಿನದೇ ತಾನೇ?"

ಒಣಹಾಕುವ ಅಟ್ಟದ ಮೇಲೆ
ಅಪ್ಪ ಕಟ್ಟಿದ ಗಾಲಿಯ ಮಾಡು ಕಿರ್ರೆಂದಿತು.
ಬಿಸಿಲಿಗೆ ತೆರೆಯಲು, ಹನಿ ಬಿದ್ದರೆ ಮುಚ್ಚಲು.
ಮುಚ್ಚುವುದು ಅಪ್ಪನಿಗೆ ಚೆನ್ನಾಗಿ ಗೊತ್ತು.

ಕಾಯಿ ಕೊರೆಯುವ ಹುಳ ಬಿದ್ದ ಮೊದಲ ವರ್ಷ
ಬೆಟ್ಟ ಸುತ್ತಿ, ಕಾಊ ಕಡೆಯಿಂದ,
ದೀಪ ಆರಿಸಿದ ಟ್ರಕ್ಕಿನಲ್ಲಿ
ನಾಲ್ಕು ಮೂಟೆ ಬಂದಿತ್ತು.
ಹಲ್ಲುಗೋಲು ಹಿಡಿದು ಬೆರೆಸಿದವಳು ನಾನೇ.
ಒಂದೇ ಬಣ್ಣ, ಒಂದೇ ಸದ್ದು.
ಬೆಳಗಾಗುವಷ್ಟರಲ್ಲಿ ನನಗೇ ಗುರುತು ಸಿಗಲಿಲ್ಲ.

"ಹೌದು" ಅಂದೆ. ಅದು ನಿಜವೇ:
ಈ ವರ್ಷದ್ದು, ನೀರಿನ ಟಾಂಕಿಯ ಕೆಳಗಿನ ಗಿಡದ್ದು,
ನಾನೇ ಕಿತ್ತದ್ದು.
ಅವನು ಜೀಪು ಹತ್ತುವಾಗ
ಅಪ್ಪ ವರ್ಷಕ್ಕೊಂದರಂತೆ ಎತ್ತಿಟ್ಟ ಡಬ್ಬಿಗಳಲ್ಲಿ
ಆ ವರ್ಷದ್ದನ್ನೂ ತೆರೆದು
ಹೆಸರಿಲ್ಲದ ಲಕೋಟೆಯಲ್ಲಿ ಒಂದು ಮುಷ್ಟಿ ಕೊಟ್ಟೆ.
ಯಾಕೆಂದು ಈಗಲೂ ಹೇಳಲಾರೆ.

ಆರು ವಾರಕ್ಕೆ ಕಾಗದ ಬಂತು, ತುಂಬ ಚುಕ್ಕೆಗಳು.
ನಮ್ಮೂರಿನವು ಒಂದೆಡೆ, ಜೇನು ಕೂತ ಹಾಗೆ.
ವ್ಯಾಪಾರಿಯ ಪೊಟ್ಟಣಗಳು ದೂರದ ಮೂಲೆಯಲ್ಲಿ, ಸಮುದ್ರದಾಚೆ.
ನಡುವೆ ಒಂದೇ ಒಂದು,
ಮನೆಗೆ ಬರಲೋ ಬೇಡವೋ ಎಂದು
ದಾರಿಯಲ್ಲೇ ನಿಂತದ್ದು.
ಪಕ್ಕದಲ್ಲಿ ಪೆನ್ಸಿಲ್ಲಿನ ಬರಹ: ಇದು ಯಾರದು?

ಅಪ್ಪ ಕನ್ನಡಕ ಹುಡುಕಿ ತಂದ.
ಚುಕ್ಕೆಯ ಮೇಲೆ ಬೆರಳಿಟ್ಟವನು
ಬಹಳ ಹೊತ್ತು ತೆಗೆಯಲಿಲ್ಲ.
ಆಮೇಲೆ, ಯಾರಿಗೋ ಎಂಬಂತೆ:
"ಆ ವರ್ಷದ್ದು, ರುಚಿ ಮಾತ್ರ
ಚೆನ್ನಾಗಿತ್ತು."