ಓರೆ ಬಾಹು

ಎಂಟನೆಯ ಕ್ಲಾಸಿಗೆ ಆ ವರ್ಷ ಗಣಿತಕ್ಕೆ ಬಂದವರು
ಪಯ್ಯನ್ನೂರಿನ ಷೈಜಾ ಟೀಚರು.
ನಮ್ಮದು ಕನ್ನಡ ಮೀಡಿಯಂ, ಉಪ್ಪಳದ್ದು.
ಅವರಿಗೆ ಗೊತ್ತಿದ್ದದ್ದು ಎರಡೇ ಮಾತು:
‘ಕುಳಿತುಕೊಳ್ಳಿ’, ‘ಸಾಕು’.

ಬೋರ್ಡಿನಲ್ಲಿ ಅಡ್ಡಕ್ಕೆ ಎರಡು ಗೆರೆ, ಎಂದೂ ಒಂದನ್ನೊಂದು ಮುಟ್ಟದವು,
ತುದಿಗಳನ್ನು ಕೂಡಿಸಿ ಎರಡು ಓರೆ.
‘ಲಂಬಕಂ’ ಎಂದರು.
ನಾವು ಮೂವತ್ತೊಂದು ಮಂದಿ ಲಂಬ ಹುಡುಕಿದೆವು.
ಲಂಬ ಎಂದರೆ ನೆಟ್ಟಗೆ, ತೊಂಬತ್ತು ಡಿಗ್ರಿ,
ಮೂಲೆಯಲ್ಲೊಂದು ಪುಟ್ಟ ಚೌಕ ಇರಬೇಕು.
ಎಲ್ಲೂ ಇಲ್ಲ.
ಪುಸ್ತಕದಲ್ಲಿ ತ್ರಾಪಿಜ್ಯ ಎಂದಿತ್ತು,
ಅದು ಯಾರ ಮನೆಯ ಮಾತೋ ನಮಗೂ ತಿಳಿಯದು.
ಮಿಸ್ರಿಯಾ ಎದ್ದು ಕೇಳಿದಳು, ‘ಟೀಚರ್, ಲಂಬ ಎಲ್ಲಿ?’
‘ಲಂಬಂ ಇಲ್ಲ. ಲಂಬಕಂ!’
ಒಂದು ‘ಕ’ದಷ್ಟು ದೂರದಲ್ಲಿ
ಅವರು ಅಲ್ಲಿ, ನಾವು ಇಲ್ಲಿ,
ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಮನೆಗೆ ಬಂದು ನೋಡಿದರೆ ನಾವಿದ್ದದ್ದೇ ಅದರೊಳಗೆ.
ಪಡುವಕ್ಕೆ ರೈಲು, ಮೂಡಕ್ಕೆ ಹೈವೇ,
ನಮ್ಮ ಜಾಗದ ಮಟ್ಟಿಗೆ ಎರಡೂ ಸಮಾಂತರ,
ಒಂದೇ ಮಂಗಳೂರಿಗೆ ಮಾತಿಲ್ಲದೆ ಹೊರಟ ದಾಯಾದಿಗಳು.
ಬಡಗಕ್ಕೆ ಮೂಸಕುಂಞಿಯವರ ಕಂಪೌಂಡು, ಅಪ್ಪನೇ ಕಟ್ಟಿದ್ದು,
ಮುರಕಲ್ಲಿಗೆ ನೂಲು ಹಿಡಿದು, ಗುಂಡು ಬಿಟ್ಟು,
ಮೂರು, ನಾಲ್ಕು, ಐದು ಅಡಿ ಅಳೆದು ಮೂಲೆ ಕೂರಿಸಿದ್ದು.
ಅದು ಲಂಬ.
ತೆಂಕಕ್ಕೆ ತೋಡು. ಅದನ್ನು ಯಾರೂ ಕಟ್ಟಿದ್ದಲ್ಲ,
ಕಡಲಿಗೆ ಅವಸರವಾದ ಹಾಗೆ ಓರೆ.

ಇದನ್ನೇ ಬರೆದು ಕೊಂಡುಹೋದೆ. ಟೀಚರು ಬಹಳ ಹೊತ್ತು ನೋಡಿ
ಮೂಸಕುಂಞಿಯವರ ಬದಿಗೆ ಕೆಂಪು ಶಾಯಿಯಲ್ಲಿ
ಪುಟ್ಟ ಚೌಕವಿಟ್ಟರು, ಎರಡು ಮೂಲೆಗೂ.
ಹೈವೇಗೆ ನೆಟ್ಟಗೆ ನಿಂತದ್ದು
ರೈಲಿಗೂ ನೆಟ್ಟಗೇ ನಿಂತಿರುತ್ತದೆ.
ಇದಕ್ಕೆ ಭಾಷೆ ಬೇಕಾಗಲಿಲ್ಲ.
ಆಮೇಲೆ ತೋಡಿನ ಮೇಲೆ ಬೆರಳಿಟ್ಟು ಹುಬ್ಬೇರಿಸಿದರು.
‘ಓರೆ’ ಎಂದೆ.
‘ಓರೆ’ ಎಂದರು. ಮೂರನೆಯ ಮಾತು.

ಮರುವರ್ಷ ರಸ್ತೆ ಅಗಲವಾಯಿತು.
ಆರು ಮೀಟರು ಒಳಗೆ ಬಂತು, ಸಮಾಂತರ ಬಿಡದೆ ಬಂತು.
ಹೋದ ತುಂಡು ಲಂಬಕ: ಎದುರಿಗೆ ಇಪ್ಪತ್ತು, ಹಿಂದೆ ಹದಿನೇಳೂವರೆ.
ಉಳಿದದ್ದೂ ಲಂಬಕ,
ಕೊಯ್ದರೂ ಜಾತಿ ಬಿಡದ ಆಕಾರ.
ಸರ್ವೆಯವರು ಟೇಪು ಹಿಡಿದದ್ದು ತೋಡಿನ ಬದಿಯಲ್ಲಿ,
ಕಂಪೌಂಡಿನ ಹತ್ತಿರ ಮೀನಿನ ಲಾರಿ ನಿಂತಿತ್ತು.
ಆರೂವರೆ ಎಂದು ಬರೆದುಕೊಂಡರು.
ಎತ್ತರದ ಜಾಗದಲ್ಲಿ ಓರೆಯನ್ನಿಟ್ಟು ಗುಣಿಸಿದರು.

ರಾತ್ರಿ ನಾನು ಲೆಕ್ಕ ಮಾಡಿದೆ. ಎರಡು ಸಲ.
ಒಂಬತ್ತು ಚದರ ಮೀಟರು ಚಿಲ್ಲರೆ,
ಕಾಲು ಸೆಂಟಿಗೆ ತುಸು ಕಡಿಮೆ,
ಇಲ್ಲದ ಜಾಗಕ್ಕೆ ದುಡ್ಡು ಬರುವುದಿತ್ತು.
‘ಬಾಯಿ ಮುಚ್ಚು’ ಅಂದಳು ಅಮ್ಮ,
‘ಆ ಎರಡು ತೆಂಗನ್ನು ಅವರು ಸರಿಯಾಗಿ ಎಣಿಸಿದ್ದಾರಾ?’
ಅಪ್ಪ ಗುಂಡಿನ ನೂಲನ್ನು ಬೆರಳಿಗೆ ಸುತ್ತುತ್ತ
ಬಿಚ್ಚುತ್ತ ಕೂತಿದ್ದರು.
ಬೆಳಗ್ಗೆ ಬಿಳಿ ಅಂಗಿ ಹಾಕಿ,
ನನ್ನ ನೋಟುಬುಕ್ಕು ಕಂಕುಳಲ್ಲಿಟ್ಟು ಆಫೀಸಿಗೆ ಹೊರಟರು.
ಹಿಂದೆ ನಾನು.
ಗುಮಾಸ್ತ ಕೆಂಪು ಚೌಕಗಳನ್ನು ನೋಡಿ ನಕ್ಕ.
‘ಫಯಲ್ ಪೋಯಿ, ಮೋಳೆ.’
ಕಡತ ಹೋಯಿತಂತೆ. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ.
ಬಸ್ಸಿನಲ್ಲಿ ಪೂರ್ತಿ ದಾರಿ
ನೋಟುಬುಕ್ಕು ಅವರ ತೊಡೆಯ ಮೇಲೇ ಇತ್ತು.

ಆ ದುಡ್ಡಿಗೆ ಅಡುಗೆಕೋಣೆಯ ಪಡುಗೋಡೆಗೆ ಕಿಟಕಿ ಬಂತು.
ಅಪ್ಪನೇ ಕೂರಿಸಿದರು. ನಾಲ್ಕು ಮೂಲೆಯೂ ಲಂಬ.
ಅಮ್ಮ ಅದನ್ನು ಈಗಲೂ ತೋಡಿನ ಕಿಟಕಿ ಅನ್ನುತ್ತಾಳೆ.
ಅಲ್ಲಿಂದ ತೋಡು ಕಾಣುವುದಿಲ್ಲ.
ರೈಲು ಕಾಣುತ್ತದೆ.